ಇಲಿ ಜ್ವರ, ನಿಂತ ಮೂತ್ರ ಮತ್ತು ರಕ್ತ ಸೋಸುವ ಯಂತ್ರ



ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಶಿರಾಡಿ ಘಾಟಿ ಇಳಿಯುವ ಮೊದಲು ನಮ್ಮ ಹೆಗ್ಗದ್ದೆ ಸಿಗುತ್ತದೆ. ಸುತ್ತ ಕಾಫಿ, ಮೆಣಸು, ಏಲಕ್ಕಿ ತೋಟಗಳು, ತಗ್ಗಿನಲ್ಲಿ ಗದ್ದೆಗಳು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಈ ಭಾಗದಲ್ಲಿ ಯುನಾನಿ ವೈದ್ಯನಾಗಿರುವ ನನಗೆ ಮಳೆಗಾಲವೆಂದರೆ ಜ್ವರದ ಕಾಲ.

ಮೂರು ವರ್ಷಗಳ ಹಿಂದಿನ ಒಂದು ಜುಲೈ ಸಂಜೆ, ಪರಿಚಯದ ಯುವಕನೊಬ್ಬ ನನ್ನ ಕ್ಲಿನಿಕ್ಕಿಗೆ ಓಡಿ ಬಂದ. ಅವನ ಅಣ್ಣ ತೋಟದ ಕೆಲಸಗಾರ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು. "ಹಕೀಮ್ ಸಾಬ್, ಅಣ್ಣನ ರಕ್ತವೆಲ್ಲ ಕೆಟ್ಟಿದೆಯಂತೆ. ಮಿಷಿನ್‌ಗೆ ಹಾಕಿ ರಾತ್ರಿ ಹಗಲು ಸೋಸಬೇಕಂತೆ. ಮಿಷಿನ್‌ಗೆ ಹಾಕಿದ್ರೆ ಮನುಷ್ಯ ವಾಪಸ್ ಬರಲ್ಲ ಅಂತ ಮನೇಲಿ ಎಲ್ಲರೂ ಅಳ್ತಿದಾರೆ. ನಿಮ್ಮ ಹತ್ರ ಖೂನ್ ಸಾಫ್ ಮಾಡೋ ಔಷಧಿ ಇದೆಯಲ್ಲ, ಅದನ್ನೇ ಕೊಡಿ" ಎಂದ.

ನಮ್ಮ ಪದ್ಧತಿಯಲ್ಲಿ ಮುಸಫ್ಫಿ-ಎ-ಖೂನ್, ಅಂದರೆ ರಕ್ತ ಶುದ್ಧಿಯ ಔಷಧಿಗಳಿವೆ, ನಿಜ. ಅವನ್ನು ಕಜ್ಜಿ, ಮೊಡವೆ, ಕುರುವಿನಂಥ ಚರ್ಮದ ತೊಂದರೆಗಳಿಗೆ ಕೊಡುತ್ತೇವೆ. ಆ ಹುಡುಗ ಹೇಳುತ್ತಿದ್ದ 'ಕೆಟ್ಟ ರಕ್ತ' ಬೇರೆಯೇ. ಅದಕ್ಕೆ ನನ್ನ ಬೀರುವಿನಲ್ಲಿ ಔಷಧಿ ಇರಲಿಲ್ಲ. "ಸಹಿ ಹಾಕಿ, ತಡ ಮಾಡಬೇಡಿ" ಎಂದೆ. ಮರುದಿನ ನಾನೂ ಆಸ್ಪತ್ರೆಗೆ ಹೋದೆ. ಹೋಗಲು ಕಾರಣವಿತ್ತು. ಆ ಅಣ್ಣ ಜ್ವರದ ಮೂರನೇ ದಿನ ಮೊದಲು ಬಂದದ್ದು ನನ್ನ ಬಳಿಗೇ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇಂಥ ಮಾತು ನಾಳೆ ನಿಮ್ಮ ಮನೆಯವರ ಮುಂದೆಯೂ ಬರಬಹುದು. ಅಲ್ಲಾಹನು ಕಾಪಾಡಲಿ. ಆದರೆ ಬಂದಾಗ ಗಾಬರಿಯಲ್ಲಿ ತಪ್ಪು ತೀರ್ಮಾನ ಮಾಡದಂತೆ ಈಗಲೇ ತಿಳಿದುಕೊಂಡಿರುವುದು ಒಳ್ಳೆಯದು.

ರಕ್ತ 'ಕೆಡುವುದು' ಎಂದರೇನು?

ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬೇಕಾದುದನ್ನೆಲ್ಲ ವಾಪಸ್ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಈ ಕೆಲಸಕ್ಕೆ ಕಿಡ್ನಿಗೆ ಒಳ್ಳೆಯ ಒತ್ತಡದಲ್ಲಿ ರಕ್ತ ಹರಿದು ಬರಬೇಕು.

ದೇಹದಲ್ಲಿ ಎಲ್ಲೋ ಒಂದು ಕಡೆ ಸೋಂಕು ತಗಲುತ್ತದೆ ಎಂದುಕೊಳ್ಳಿ. ಸಾಮಾನ್ಯವಾಗಿ ದೇಹ ಅದರೊಡನೆ ಹೋರಾಡಿ ಗೆಲ್ಲುತ್ತದೆ. ಕೆಲವೊಮ್ಮೆ ಆ ಹೋರಾಟವೇ ಹಿಡಿತ ತಪ್ಪಿ ಸ್ವಂತ ಅಂಗಗಳನ್ನು ಹಾಳು ಮಾಡತೊಡಗುತ್ತದೆ. ರಕ್ತನಾಳಗಳು ಸಡಿಲವಾಗಿ ರಕ್ತದೊತ್ತಡ ಕುಸಿಯುತ್ತದೆ, ಉಸಿರು ಜೋರಾಗುತ್ತದೆ, ಬುದ್ಧಿ ಮಂಕಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇದೇ ಸೆಪ್ಸಿಸ್. ವೈದ್ಯರು ಮನೆಯವರಿಗೆ 'ರಕ್ತದಲ್ಲಿ ನಂಜು' ಎಂದು ಹೇಳುವುದು ಇದನ್ನೇ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿ, ಸುಮಾರು 1.1 ಕೋಟಿ ಜನ ಸತ್ತರೆಂದು ಅಂದಾಜಿದೆ.

ಸೆಪ್ಸಿಸ್‌ನಲ್ಲಿ ಮೊದಲು ಪೆಟ್ಟು ತಿನ್ನುವ ಅಂಗಗಳಲ್ಲಿ ಕಿಡ್ನಿಯೂ ಒಂದು. ಕೆಲವೇ ಗಂಟೆ ಅಥವಾ ದಿನಗಳಲ್ಲಿ ಅದರ ಕೆಲಸ ಕುಸಿದರೆ 'ಹಠಾತ್ ಕಿಡ್ನಿ ಹಾನಿ' ಎನ್ನುತ್ತಾರೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ, ಬಿಪಿಯಿಂದ ಕಿಡ್ನಿ ಸವೆಯುವುದು ಬೇರೆ, ಇದು ಬೇರೆ. ಹೀಗೆ ಹಠಾತ್ತಾಗಿ ಹಾನಿಯಾದ ಕಿಡ್ನಿ, ಮನುಷ್ಯ ಬದುಕಿ ಉಳಿದರೆ ಬಹಳಷ್ಟು ಸಲ ಮತ್ತೆ ಕೆಲಸ ಶುರುಮಾಡುತ್ತದೆ. ಮುಂದೆ ಹೇಳುವ ಯಂತ್ರಕ್ಕೆ ಅರ್ಥ ಬರುವುದು ಈ ಕಾರಣಕ್ಕೆ.

ಮಲೆನಾಡಿನಲ್ಲಿ ಇದು ಎಲ್ಲಿಂದ ಬರುತ್ತದೆ?

ನಮ್ಮ ಕಡೆ ಇದರ ಒಂದು ಮುಖ್ಯ ಬಾಗಿಲು ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ಹೆಗ್ಗಣ, ದನ, ನಾಯಿಗಳ ಮೂತ್ರದಲ್ಲಿ ಇದರ ರೋಗಾಣು ಇರುತ್ತದೆ. ಮಳೆಯ ನೀರು, ಕೆಸರು, ಕೊಟ್ಟಿಗೆಯ ಗಂಜಲದಲ್ಲಿ ಸೇರಿ, ನಮ್ಮ ಕಾಲಿನ ಗಾಯ, ಬಿರುಕು, ಕಣ್ಣು, ಮೂಗು, ಬಾಯಿಯ ಮೂಲಕ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಚಳಿ ಜ್ವರ, ತಲೆನೋವು, ಕಣ್ಣು ಕೆಂಪಾಗುವುದು, ಮೀನಖಂಡ ಮುಟ್ಟಿದರೆ ಜೀವ ಹೋಗುವಂಥ ನೋವು ಬರುತ್ತದೆ. ಬಹಳ ಜನರಿಗೆ ಇಷ್ಟಕ್ಕೇ ಗುಣವಾಗುತ್ತದೆ. ಕೆಲವರಿಗೆ ಕಣ್ಣು ಹಳದಿಯಾಗಿ, ಕಿಡ್ನಿ ಸೋತು, ಶ್ವಾಸಕೋಶದಲ್ಲಿ ರಕ್ತ ಒಸರುವ ಮಟ್ಟಕ್ಕೆ ಹೋಗುತ್ತದೆ. ಈ ತೀವ್ರ ರೂಪವನ್ನು 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ವಿವರಿಸಿದ್ದರಿಂದ ಅದಕ್ಕೆ ವೈಲ್ಸ್ ಕಾಯಿಲೆ ಎಂಬ ಹೆಸರೂ ಇದೆ. ಬೇಗ ಹಿಡಿದರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫ್ಟ್ರಿಯಾಕ್ಸೋನ್‌ನಂಥ ಹಳೆಯ, ದುಬಾರಿಯಲ್ಲದ ಔಷಧಿಗಳೇ ಸಾಕು.

ಹಾವು ಕಡಿತ, ಹೆಜ್ಜೇನು ಅಥವಾ ಕಣಜದ ಹಿಂಡಿನ ದಾಳಿ, ನ್ಯುಮೋನಿಯಾ, ಮೂತ್ರದ ಸೋಂಕು, ಹೆರಿಗೆಯ ನಂತರದ ಸೋಂಕುಗಳಿಂದಲೂ ಕಿಡ್ನಿ ಹೀಗೆ ಹಠಾತ್ತಾಗಿ ಸೋಲಬಹುದು.

ಆ ಯಂತ್ರ ಏನು ಮಾಡುತ್ತದೆ?

ಡಯಾಲಿಸಿಸ್ ಎಂಬ ಮಾತು ಎಲ್ಲರಿಗೂ ಗೊತ್ತು. ವಾರಕ್ಕೆ ಎರಡು ಮೂರು ಸಲ, ಸುಮಾರು ನಾಲ್ಕು ಗಂಟೆ ಕಾಲ ರಕ್ತವನ್ನು ಯಂತ್ರದಲ್ಲಿ ಶುದ್ಧಗೊಳಿಸುತ್ತಾರೆ. ಎದ್ದು ನಡೆದಾಡುವ ರೋಗಿಗೆ ಇದು ಸರಿ. ಸೆಪ್ಸಿಸ್‌ನಿಂದ ರಕ್ತದೊತ್ತಡ ಬಿದ್ದುಹೋದ ರೋಗಿಯಿಂದ ನಾಲ್ಕೇ ಗಂಟೆಯಲ್ಲಿ ಅಷ್ಟು ನೀರು, ಅಷ್ಟು ಕಲ್ಮಶ ಎಳೆದರೆ ಒತ್ತಡ ಇನ್ನಷ್ಟು ಕುಸಿಯಬಹುದು. ಅಂಥವರಿಗಾಗಿ ಇರುವುದು ನಿಧಾನವಾಗಿ, 24 ಗಂಟೆಯೂ ಸೋಸುವ ವಿಧಾನ. ಆಸ್ಪತ್ರೆಯಲ್ಲಿ ಇದನ್ನು 'ಸಿಆರ್‌ಆರ್‌ಟಿ' ಎನ್ನುತ್ತಾರೆ.

ಕುತ್ತಿಗೆಯ ಅಥವಾ ತೊಡೆಸಂದಿಯ ದೊಡ್ಡ ರಕ್ತನಾಳಕ್ಕೆ ಎರಡು ದಾರಿಯಿರುವ ಒಂದು ಕೊಳವೆ ಹಾಕುತ್ತಾರೆ. ಒಂದು ದಾರಿಯಲ್ಲಿ ರಕ್ತ ಹೊರಗೆ ಬರುತ್ತದೆ, ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ನಡುವೆ ಒಂದು ಫಿಲ್ಟರ್. ಅದರೊಳಗೆ ಕೂದಲಿನಂಥ ಸಾವಿರಾರು ಟೊಳ್ಳು ಎಳೆಗಳಿದ್ದು, ಅವುಗಳ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ರಕ್ತಕಣ, ಪ್ರೋಟೀನ್ ಒಳಗೇ ಉಳಿಯುತ್ತವೆ. ಯೂರಿಯಾ, ಹೆಚ್ಚಿನ ಪೊಟ್ಯಾಸಿಯಂ, ಆಮ್ಲ, ಬೇಡದ ನೀರು ಹೊರಗೆ ಹೋಗುತ್ತವೆ. ತೂಕದ ಲೆಕ್ಕದಲ್ಲಿ ಕಿಲೋಗೆ ಗಂಟೆಗೆ 20ರಿಂದ 25 ಮಿಲಿಲೀಟರ್ ಸೋಸುವುದು ಈಗಿನ ರೂಢಿ. 60 ಕಿಲೋ ತೂಕದವರಿಗೆ ಇದು ಗಂಟೆಗೆ ಒಂದೂಕಾಲು, ಒಂದೂವರೆ ಲೀಟರ್. ದಿನಕ್ಕೆ 29ರಿಂದ 36 ಲೀಟರ್. ಹೊರಹೋದುದಕ್ಕೆ ಬದಲಾಗಿ ಲವಣಗಳನ್ನು ಹದವಾಗಿ ಬೆರೆಸಿದ ದ್ರವವನ್ನು ಚೀಲಗಳಿಂದ ಕೊಡುತ್ತಾರೆ. ಫಿಲ್ಟರಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಅಥವಾ ಸಿಟ್ರೇಟ್ ಬಳಸುತ್ತಾರೆ. ಪಕ್ಕದಲ್ಲಿ ತರಬೇತಿ ಪಡೆದ ನರ್ಸ್ ಇರಲೇಬೇಕು.

ಇದರ ಇತಿಹಾಸವೂ ಚಿಕ್ಕದೇ. 1943ರಲ್ಲಿ, ನಾಝಿಗಳ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ಕಾಂಪೆನ್ ಎಂಬ ಊರಿನಲ್ಲಿ ಡಾ. ವಿಲ್ಲೆಮ್ ಕೋಲ್ಫ್ ಸೆಲ್ಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಬಳಕೆಗೆ ಯೋಗ್ಯವಾದ ಮೊದಲ ಕೃತಕ ಕಿಡ್ನಿ ಮಾಡಿದರು. ಮೊದಲ ಹದಿನಾರು ರೋಗಿಗಳಲ್ಲಿ ಬಹುತೇಕರನ್ನು ಉಳಿಸಿಕೊಳ್ಳಲು ಆಗಲಿಲ್ಲ. 1945ರಲ್ಲಿ ಹದಿನೇಳನೆಯವರಾಗಿ ಬಂದ 67 ವರ್ಷದ ಮಹಿಳೆ ಬದುಕಿದರು. ಆಕೆಗಿದ್ದದ್ದೂ ಹಠಾತ್ ಕಿಡ್ನಿ ವೈಫಲ್ಯವೇ. 1977ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾ. ಪೀಟರ್ ಕ್ರಾಮರ್ ಅಭಿಧಮನಿಗೆ ಹಾಕಬೇಕಾದ ಕೊಳವೆ ಆಕಸ್ಮಿಕವಾಗಿ ಅಪಧಮನಿಗೆ ಹೋಯಿತು. ಹೃದಯದ ಒತ್ತಡದಿಂದಲೇ ರಕ್ತವನ್ನು ಫಿಲ್ಟರಿನಲ್ಲಿ ನಿಧಾನವಾಗಿ ಹರಿಸಬಹುದೆಂದು ಅವರಿಗೆ ಹೊಳೆಯಿತು. ಇಂದಿನ 24 ಗಂಟೆಯ ಸೋಸುವಿಕೆ ಬೆಳೆದದ್ದು ಅಲ್ಲಿಂದ.

ಯಂತ್ರ ಏನು ಮಾಡುವುದಿಲ್ಲ?

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಈ ಯಂತ್ರ ಸೋಂಕನ್ನು ಗುಣಪಡಿಸುವುದಿಲ್ಲ, ಕಿಡ್ನಿಯನ್ನು ರಿಪೇರಿ ಮಾಡುವುದೂ ಇಲ್ಲ. ಸರಿಯಾದ ಆ್ಯಂಟಿಬಯೋಟಿಕ್ ಸೋಂಕನ್ನು ಅಡಗಿಸಿ, ಅಲ್ಲಾಹನ ಅನುಗ್ರಹದಿಂದ ಕಿಡ್ನಿ ಚೇತರಿಸಿಕೊಳ್ಳುವವರೆಗೆ ಅದು ಕಿಡ್ನಿಯ ಕೆಲಸ ಮಾಡಿ ಸಮಯ ಕೊಡುತ್ತದೆ, ಅಷ್ಟೇ.

ಹೆಚ್ಚು ಸೋಸಿದರೆ ಹೆಚ್ಚು ಗುಣವೇ ಎಂಬ ಪ್ರಶ್ನೆಯನ್ನು ವೈದ್ಯರು ಪರೀಕ್ಷಿಸಿ ನೋಡಿದ್ದಾರೆ. 2008 ಮತ್ತು 2009ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಜೋರಾಗಿ ಸೋಸಿದ್ದರಿಂದ ಹೆಚ್ಚು ಜನ ಬದುಕಲಿಲ್ಲ. ಯಂತ್ರವನ್ನು ಬೇಗ ಹಾಕಿದರೆ ಒಳ್ಳೆಯದೇ ಎಂಬುದನ್ನೂ ನೋಡಿದರು. 2020ರಲ್ಲಿ ಪ್ರಕಟವಾದ, 15 ದೇಶಗಳ ಸುಮಾರು 3000 ರೋಗಿಗಳ ಅಧ್ಯಯನದಲ್ಲಿ, ಬೇಗ ಹಾಕಿದವರಲ್ಲೂ ಕಾದು ನೋಡಿದವರಲ್ಲೂ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ, ಶೇ. 44ರಷ್ಟು. ಕಾದು ನೋಡಿದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನರಿಗೆ ಯಂತ್ರವನ್ನು ಹಾಕಲೇ ಇಲ್ಲ. ಆದ್ದರಿಂದ "ಇನ್ನೂ ಒಂದು ದಿನ ನೋಡೋಣ" ಎಂದು ವೈದ್ಯರು ಹೇಳಿದರೆ ಅದು ನಿರ್ಲಕ್ಷ್ಯವಲ್ಲ. ಪೊಟ್ಯಾಸಿಯಂ ಅಪಾಯ ಮಟ್ಟಕ್ಕೆ ಏರಿದಾಗ, ರಕ್ತದಲ್ಲಿ ಆಮ್ಲ ಹೆಚ್ಚಿದಾಗ, ಶ್ವಾಸಕೋಶದಲ್ಲಿ ನೀರು ತುಂಬಿ ಮಾತ್ರೆ ಇಂಜೆಕ್ಷನ್‌ಗೆ ಬಗ್ಗದಿದ್ದಾಗ ಕಾಯಲು ಆಗುವುದಿಲ್ಲ. ಆಗ "ಸಹಿ ಹಾಕಿ" ಎಂದರೆ ಹಾಕಿಬಿಡಿ.

ಇನ್ನೊಂದು ಮಾತು. ರಕ್ತದ ನಂಜನ್ನೇ ಹೀರುತ್ತವೆ ಎಂಬ ವಿಶೇಷ ದುಬಾರಿ ಫಿಲ್ಟರುಗಳೂ ಇವೆ. ಅವುಗಳಿಂದ ಸೆಪ್ಸಿಸ್ ರೋಗಿಗಳ ಜೀವ ಉಳಿಯುತ್ತದೆಂದು ಈವರೆಗೆ ದೃಢಪಟ್ಟಿಲ್ಲ. ಅದನ್ನು ಸೂಚಿಸಿದರೆ, "ಇದರಿಂದ ಇವರಿಗೆ ಏನು ಲಾಭ? ಇಲ್ಲದಿದ್ದರೆ ಏನಾಗುತ್ತದೆ?" ಎಂದು ವಿನಯದಿಂದ ಕೇಳಿ. ಒಡವೆ ಅಡವಿಡುವ ಮೊದಲು ಹೀಗೆ ಕೇಳುವುದು ನಿಮ್ಮ ಹಕ್ಕು.

ಎಲ್ಲ ಕಡೆಯೂ 24 ಗಂಟೆಯ ಯಂತ್ರ ಇರುವುದಿಲ್ಲ. ಮಾಮೂಲಿ ಡಯಾಲಿಸಿಸ್ ಯಂತ್ರವನ್ನೇ ನಿಧಾನವಾಗಿ 6ರಿಂದ 12 ಗಂಟೆ ನಡೆಸುವ ವಿಧಾನವೂ ಇದೆ. ಅದರ ಹೆಸರು 'ಸ್ಲೆಡ್'. ನಮ್ಮ ದೇಶದಲ್ಲಿ ಇದರ ಬಳಕೆ ಹೆಚ್ಚು, ಖರ್ಚೂ ಕಡಿಮೆ. ಅದನ್ನು ಕೊಟ್ಟರೆ ಕೀಳು ಚಿಕಿತ್ಸೆ ಸಿಕ್ಕಿತೆಂದು ಕೊರಗಬೇಕಾಗಿಲ್ಲ.

ನಾನು ಕೇಳದೆ ಬಿಟ್ಟ ಪ್ರಶ್ನೆ

ಆ ತೋಟದ ಕೆಲಸಗಾರ ಜ್ವರದ ಮೂರನೇ ದಿನ ನನ್ನ ಬಳಿ ಬಂದಿದ್ದರು ಎಂದೆನಲ್ಲ. ಅಂದು ಕ್ಲಿನಿಕ್ ತುಂಬ ಜನ. ನಾಡಿ ನೋಡಿದೆ, ನಾಲಿಗೆ ನೋಡಿದೆ. ಊರಿನಲ್ಲೆಲ್ಲ ನೆಗಡಿ ಜ್ವರ ಇತ್ತು. ಜೋಶಾಂದಾ ಕೊಟ್ಟು, ವಿಶ್ರಾಂತಿ ಹೇಳಿ ಕಳಿಸಿದೆ. ಕಾಲು ನೋವು ಎಂದಿದ್ದರು. ಮಳೆಯಲ್ಲಿ ಗುಡ್ಡ ಹತ್ತಿಳಿಯುವವರಿಗೆ ಇದ್ದದ್ದೇ ಎಂದುಕೊಂಡೆ. "ಮೂತ್ರ ಎಷ್ಟು ಹೋಗ್ತಿದೆ? ಯಾವ ಬಣ್ಣ?" ಎಂದು ಕೇಳಲಿಲ್ಲ. ಮನೆಗೆ ಹೋದ ಅವರು ಕಾಲು ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಕ್ಕೆ ಮೂರರಂತೆ ನುಂಗಿದರು. ಐದನೇ ದಿನ ಕಣ್ಣು ಹಳದಿ, ಮಾತು ತೊದಲು, ಮೂತ್ರ ಇಲ್ಲವೇ ಇಲ್ಲ.

ಯುನಾನಿ ಓದಿದವರಿಗೆ ಗೊತ್ತು, ನಬ್ಝ್ ಅಂದರೆ ನಾಡಿಯ ಜೊತೆ ಕಾರೂರಾ, ಅಂದರೆ ಮೂತ್ರ ಪರೀಕ್ಷೆ ನಮ್ಮ ಪದ್ಧತಿಯ ಆಧಾರ. ಮೂತ್ರದ ಪ್ರಮಾಣ, ಬಣ್ಣ, ಗಟ್ಟಿತನ, ತಿಳಿ, ವಾಸನೆ, ನೊರೆ, ತಳದಲ್ಲಿ ಕೂರುವ ಗಷ್ಟು, ಎಲ್ಲವನ್ನೂ ನೋಡಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅದನ್ನು ಓದಿ ಪಾಸಾದ ನಾನೇ ಆ ದಿನ ಮರೆತೆ. ಅವರು ನಾಲ್ಕು ದಿನ ಆ ಯಂತ್ರದಲ್ಲಿದ್ದು, ಆಮೇಲೆ ಕೆಲವು ಸಲ ಮಾಮೂಲಿ ಡಯಾಲಿಸಿಸ್ ಮಾಡಿಸಿಕೊಂಡು, ಮೂರು ವಾರದ ಮೇಲೆ ಮನೆಗೆ ಬಂದರು. ಅಲ್ಹಮ್ದುಲಿಲ್ಲಾಹ್, ಇಂದು ಕಿಡ್ನಿ ಸರಿಯಾಗಿದೆ. ಆದರೆ ಮೂರನೇ ದಿನವೇ ನಾನು ರಕ್ತ ಪರೀಕ್ಷೆಗೆ ಕಳಿಸಿದ್ದರೆ ಬಹುಶಃ ಆ ಯಂತ್ರ, ಆ ಸಾಲ ಎರಡೂ ಬೇಕಾಗುತ್ತಿರಲಿಲ್ಲ. ಅಂದಿನಿಂದ ಜ್ವರವೆಂದು ಬಂದ ಯಾರನ್ನೂ ಮೂತ್ರದ ವಿಷಯ ಕೇಳದೆ ಕಳಿಸಿಲ್ಲ. ನೀವೂ ನಿಮ್ಮ ಮನೆಯ ರೋಗಿಯನ್ನು ಕೇಳಿ. ನಾಚಿಕೆ ಬೇಡ.

ಮನೆಯಲ್ಲಿ ಗಮನಿಸಬೇಕಾದುದು

60 ಕಿಲೋ ತೂಕದ ವ್ಯಕ್ತಿಗೆ ಆರು ಗಂಟೆಯಲ್ಲಿ 180 ಮಿಲಿಲೀಟರಿಗಿಂತ ಕಡಿಮೆ, ಅಂದರೆ ಒಂದು ಲೋಟದಷ್ಟೂ ಮೂತ್ರ ಹೋಗದಿದ್ದರೆ ಅದು ಎಚ್ಚರಿಕೆಯ ಗಂಟೆ. ಆದರೆ ಒಂದು ವಿಷಯ ನೆನಪಿಡಿ: ಇಲಿ ಜ್ವರದಲ್ಲಿ ಕೆಲವರಿಗೆ ಮೂತ್ರ ಹೋಗುತ್ತಿದ್ದರೂ ಕಿಡ್ನಿ ಕೆಟ್ಟಿರುತ್ತದೆ. ಹಾಗಾಗಿ ಕೆಳಗಿನ ಯಾವುದೇ ಲಕ್ಷಣ ಕಂಡರೂ ತಡಮಾಡಬೇಡಿ.

• ಜ್ವರದ ಜೊತೆ ಮೀನಖಂಡದ ತೀವ್ರ ನೋವು, ಕೆಂಪು ಅಥವಾ ಹಳದಿ ಕಣ್ಣು
• ಮೂತ್ರ ಕಡಿಮೆಯಾಗುವುದು ಅಥವಾ ಕಪ್ಪು ಚಹಾದಂತಾಗುವುದು
• ಉಸಿರು ಜೋರಾಗುವುದು, ಕೆಮ್ಮಿದರೆ ರಕ್ತ
• ಗೊಂದಲದ ಮಾತು, ಎಬ್ಬಿಸಿದರೂ ಏಳದ ಮಂಪರು
• ಕೈಕಾಲು ತಣ್ಣಗಾಗುವುದು, ಎದ್ದು ನಿಂತರೆ ತಲೆ ಸುತ್ತಿ ಬೀಳುವುದು

ಹೀಗಿರುವಾಗ ಈ ತಪ್ಪುಗಳನ್ನು ಮಾಡಬೇಡಿ:

• ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬೇಡ. ಸೋತ ಕಿಡ್ನಿಗೆ ಅದು ಎರಡನೇ ಪೆಟ್ಟು.
• ಮೂತ್ರ ಬರಲೆಂದು ನೆಗ್ಗಿಲು ಕಷಾಯ, ಕುಷ್ತಾ, ಹೆಸರು ಗೊತ್ತಿಲ್ಲದ ಬೇರು ಬೇಡ. ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.
• ಹಿಜಾಮಾ ಮಾಡಿಸಬೇಡಿ. ಈ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದಿರಬಹುದು, ರಕ್ತ ನಿಲ್ಲದೆ ಹೋಗಬಹುದು.
• ಮೂತ್ರ ನಿಂತವರಿಗೆ ಎಳನೀರು, ಹಣ್ಣಿನ ರಸ ಕುಡಿಸಬೇಡಿ. ಅದರಲ್ಲಿರುವ ಪೊಟ್ಯಾಸಿಯಂ ಹೊರಹೋಗದೆ ಹೃದಯವನ್ನೇ ನಿಲ್ಲಿಸಬಹುದು.

108ಕ್ಕೆ ಕರೆ ಮಾಡಿ. ನಮ್ಮ ಕಡೆಯವರು ಮೊದಲು ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಿಪಿ, ಕ್ರಿಯಾಟಿನಿನ್, ಪ್ಲೇಟ್‌ಲೆಟ್ ನೋಡಿಸಿ, ಮೊದಲ ಇಂಜೆಕ್ಷನ್ ಹಾಕಿಸಿಕೊಳ್ಳಲಿ. ಮುಂದೆ ಹಾಸನವೋ ಮಂಗಳೂರೋ ಎಂಬುದನ್ನು ಅಲ್ಲಿನ ವೈದ್ಯರು ತೀರ್ಮಾನಿಸಲಿ. ಮಳೆ ಜೋರಾದರೆ ಗುಡ್ಡ ಕುಸಿದು ಶಿರಾಡಿ ಬಂದ್ ಆಗುವುದು ನಮಗೆ ಹೊಸದಲ್ಲ. ಹೊರಡುವ ಮೊದಲು ರಸ್ತೆ ತೆರೆದಿದೆಯೇ, ಆಸ್ಪತ್ರೆಯಲ್ಲಿ ಐಸಿಯು ಹಾಸಿಗೆ ಮತ್ತು ಡಯಾಲಿಸಿಸ್ ಸಿಗುತ್ತದೆಯೇ ಎಂದು ಫೋನ್ ಮಾಡಿ ಕೇಳಿ. ಆಧಾರ್, ಪಡಿತರ ಚೀಟಿ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಯಾವ ಚಿಕಿತ್ಸೆ ಅದರಡಿ ಬರುತ್ತದೆಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲ ದಿನವೇ ಕೇಳಿ.

ಯಂತ್ರದಲ್ಲಿರುವ ರೋಗಿಗೆ ಎಚ್ಚರವಿದ್ದರೆ ನಮಾಝ್ ಹೇಗೆ, ವುಝೂ ಹೇಗೆ ಎಂದು ಮನೆಯವರು ಚಿಂತಿಸುತ್ತಾರೆ. ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇದೆ. ವಿವರ ನಿಮ್ಮ ಉಲಮಾಗಳಿಂದ ತಿಳಿಯಿರಿ. ಕೊಳವೆ, ಪಟ್ಟಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಒದ್ದೆ ಮಾಡಬೇಡಿ.

ಬರದಂತೆ ನೋಡಿಕೊಳ್ಳುವುದು

ಶುಚಿತ್ವ ನಮಗೆ ಹೊಸ ಪಾಠವಲ್ಲ. ಗದ್ದೆ, ತೋಟ, ಕೊಟ್ಟಿಗೆಯ ಕೆಲಸಕ್ಕೆ ಗಮ್ ಬೂಟು ಹಾಕಿ. ಕಾಲಿನ ಬಿರುಕು, ಜಿಗಣೆ ಕಚ್ಚಿದ ಗಾಯಗಳನ್ನು ಮುಚ್ಚಿ ಇಳಿಯಿರಿ. ಬಂದ ತಕ್ಷಣ ಸಾಬೂನು ಹಚ್ಚಿ ತೊಳೆಯಿರಿ. ಲೈನ್ ಮನೆಗಳಲ್ಲಿ, ಕಾಫಿ ಗೋದಾಮಿನಲ್ಲಿ ಅಕ್ಕಿ, ಬೂಸಾ ತೆರೆದಿಡಬೇಡಿ, ಇಲಿ ಸೇರುತ್ತದೆ. ಕುದಿಸಿದ ನೀರನ್ನೇ ಕುಡಿಯಿರಿ. ವುಝೂವಿನಲ್ಲಿ ಬಾಯಿಗೂ ಮೂಗಿಗೂ ನೀರು ಹಾಕುತ್ತೇವೆ. ಆದ್ದರಿಂದ ಮಸೀದಿಯ ಹೌಝ್‌ಗೆ ಮಳೆಯ ಕೊಚ್ಚೆ ನೀರು ಸೇರಿದರೆ ಖಾಲಿ ಮಾಡಿ ತೊಳೆದು ತುಂಬಿಸಬೇಕು. ಜಮಾಅತ್ ಕಮಿಟಿಯವರು ಮಳೆಗಾಲದಲ್ಲಿ ಇದರ ಮೇಲೆ ಕಣ್ಣಿಡಲಿ. ತೋಟದ ಮಾಲೀಕರು ಕೆಲಸಗಾರರಿಗೆ ಬೂಟು ಕೊಡಿಸಲಿ. ಒಂದು ಜೊತೆ ಬೂಟಿನ ಬೆಲೆ ಐಸಿಯುವಿನ ಒಂದು ಗಂಟೆಗೂ ಸಾಲದು.

ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಮಳೆಗಾಲದ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಇವತ್ತು ಎಷ್ಟು ಸಲ ಮೂತ್ರಕ್ಕೆ ಹೋದಿರಿ?" ಇನ್ಶಾ ಅಲ್ಲಾಹ್, ಆ ಪ್ರಶ್ನೆಯೇ ಒಂದು ಜೀವವನ್ನು ಯಂತ್ರದ ತನಕ ಹೋಗದಂತೆ ತಡೆಯಬಹುದು.